ಸ್ಟ್ರೋಕ್ ಆದ್ಮೇಲೆ ಫಿಸಿಯೋ ಯಾಕೆ, ಯಾರಿಗೆ? ಕೇಳಿ, ಇವತ್ತು ಗ್ರೂಪಲ್ಲಿ ಫಿಸಿಯೋ ಮೇಡಂ ಇದಾರೆ

ಹಾಸನದ ಹುಡ್ಗಿ: ಮೇಡಂ, ಅಪ್ಪಂಗೆ 71, ಲಕ್ವ ಹೊಡ್ದು 5 ವಾರ ಆಯ್ತು, ಎಡಗೈ ಎಡಗಾಲು ಸ್ವಾಧೀನ ಇಲ್ಲ. ಈ ವಯಸ್ಸಲ್ಲಿ ಫಿಸಿಯೋ ದುಡ್ಡು ದಂಡ ಅಂತಾರೆ ಚಿಕ್ಕಪ್ಪ. ಆ ಕೈ ಹಿಡ್ಕೊಂಡೇ ಎಬ್ಬಿಸ್ತೀವಿ, ರಾತ್ರಿಯೆಲ್ಲಾ ಭುಜ ನೋವು ಅಂತ ಅಳ್ತಾರೆ. ನೀರು ಕುಡಿದ್ರೂ ಕೆಮ್ಮು.

ಫಿಸಿಯೋ ಮೇಡಂ: ಆ ಕೈ ಎಳೆಯೋದು ಇವತ್ತೇ ನಿಲ್ಸಮ್ಮ. ಸ್ನಾಯು ಸೋತಾಗ ಭುಜದ ಕೀಲಿಗೆ ಹಿಡಿತ ಇರಲ್ಲ, ಎಳೆದ್ರೆ ಜಾರತ್ತೆ. ಭುಜದ ಮೂಳೆ ತುದಿ ಕೆಳಗೆ ಬೆರಳು ಇಟ್ಟು ನೋಡು, ಗುಳಿ ಸಿಕ್ತಾ? ಕೂತಾಗ ಕೈ ಕೆಳಗೆ ದಿಂಬು, ಎಬ್ಬಿಸೋವಾಗ ಬೆನ್ನು ಸೊಂಟಕ್ಕೆ ಆಸರೆ, ಅಂಗಿ ಹಾಕೋವಾಗ ಮೊದ್ಲು ಸೋತ ಕೈ, ಬಿಚ್ಚೋವಾಗ ಕೊನೇಗೆ. ಆದ್ರೆ ನಂಗೆ ಭುಜಕ್ಕಿಂತ ಆ ಕೆಮ್ಮೇ ಭಯ, ನೀರು ಶ್ವಾಸಕೋಶಕ್ಕೆ ಇಳೀತಿದ್ರೆ ನ್ಯುಮೋನಿಯಾ ಆಗತ್ತೆ, ಮಲಗಿಸಿ ಏನೂ ಕುಡಿಸ್ಬೇಡ, ನಾಳೆನೇ ನುಂಗೋದನ್ನ ಪರೀಕ್ಷೆ ಮಾಡ್ಸು. ಚಿಕ್ಕಪ್ಪಂಗೆ ಹೇಳು, ಫಿಸಿಯೋ ಮಾಡ್ಸೋದು 30ರ ಹುಡುಗನ್ನ ಮಾಡೋಕಲ್ಲ, ಅಪ್ಪ ತಾವೇ ಎದ್ದು ಬಚ್ಚಲಿಗೆ ಹೋಗಿ ಬರ್ಲಿ ಅಂತ. ಚೇತರಿಕೆ ಜಾಸ್ತಿ ಕಾಣೋದು ಮೊದಲ 3 ತಿಂಗಳಲ್ಲಿ, ಅದ್ರಲ್ಲಿ 5 ವಾರ ಹೋಯ್ತು.

ತಿಪಟೂರು ಮಂಜ: ಸೋತ ಕೈಲಿ ಸ್ಮೈಲಿ ಬಾಲ್ ಒತ್ತಿಸ್ಬಹುದಾ?

ಫಿಸಿಯೋ ಮೇಡಂ: ಬೆರಳು ಬಿಗಿಯಾಗಿ ಮುಚ್ಕೊಂಡಿದ್ರೆ ಬೇಡ. ಬಿಡಿಸೋದು ಕಲಿಸ್ಬೇಕು, ಮುಚ್ಚೋದಲ್ಲ.

ಗೌಡ್ರು ಮದ್ದೂರು: ಪಾರಿವಾಳದ ಬಿಸಿ ರಕ್ತ ಹಚ್ಚಿ ಕಂಬಳಿ ಹೊದ್ಸಿ, 7 ದಿನದಲ್ಲಿ ಓಡಾಡ್ತಾರೆ. ಎಲ್ರಿಗೂ ಕಳ್ಸಿ 🙏

ಫಿಸಿಯೋ ಮೇಡಂ: ಕೆಟ್ಟಿರೋದು ಮಿದುಳಿನ ರಕ್ತನಾಳ, ಚರ್ಮಕ್ಕೆ ರಕ್ತ ಬಳಿದು ಏನ್ ಬರತ್ತೆ ಗೌಡ್ರೇ? ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ಲಕ್ವ ಹೊಡ್ದಾಗಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಅಷ್ಟೇ ಟೈಮು. ಹಕ್ಕಿ ಹುಡುಕ್ತಾ ಅದನ್ನ ಕಳ್ಕೊಂಡು ಬಂದೋರನ್ನ ನೋಡಿದೀನಿ.

ಗೌಡ್ರು ಮದ್ದೂರು: ನಮ್ಮಾವ ಅದ್ರಲ್ಲೇ ನಡೆದ್ರು!

ತಿಪಟೂರು ಮಂಜ: ನಿಮ್ಮಾವಂಗೆ ದಿನಾ ಫಿಸಿಯೋದವ್ರು ಬರ್ತಾರೆ ಅಂತ ಯುಗಾದೀಲಿ ನೀವೇ ಹಾಕಿದ್ರಲ್ಲ?

ಗೌಡ್ರು ಮದ್ದೂರು: ನಿನ್ನ ಕೇಳಿದ್ನಾ ನಾನು? ಹಿರಿಯರಿಗೆ ಮರ್ಯಾದೆ ಕೊಡೋದು ಕಲಿ.

ಶಿರಸಿ ಭಟ್ರು: ಮಂಡಿ ಆಪರೇಷನ್ ಆದ್ಮೇಲೆ ಎಷ್ಟು ದಿನ ವ್ಯಾಯಾಮ ಬೇಕು?

ತಿಪಟೂರು ಮಂಜ: ಮರ್ಯಾದೆ ಪಾರಿವಾಳಕ್ಕೂ ಕೊಡಿ ಸ್ವಲ್ಪ.

ಸುಮಕ್ಕ: ಅಮ್ಮಂಗೆ ಎಲ್ಲಾ ಅರ್ಥ ಆಗತ್ತೆ, ಮಾತೇ ಹೊರಡಲ್ಲ. ಕಾಫಿ ಬೇಕಾದ್ರೆ ಲೋಟ ತೋರಿಸ್ತಾರೆ.

ಫಿಸಿಯೋ ಮೇಡಂ: ಅದು ಸ್ಪೀಚ್ ಥೆರಪಿಯವರ ಕೆಲ್ಸ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗಿ.

ಕೋಲಾರ ಬಾಬು: ಬಾಲ್ ಒತ್ತಿಸ್ಬಹುದಾ ಮೇಡಂ?

ಫಿಸಿಯೋ ಮೇಡಂ: ಮೇಲೆ ಓದ್ರೀ.

ಶಿರಸಿ ಭಟ್ರು: ಮಂಡಿ?

ಹಾಸನದ ಹುಡ್ಗಿ: ಮೇಡಂ, ಗುಳಿ ಇದೆ, ಬೆರಳು ಕೂರತ್ತೆ. ನಿನ್ನೆಯಿಂದ ಸಣ್ಣಗೆ ಜ್ವರ, ಉಸಿರಾಡಿದ್ರೆ ಗೊರಗೊರ ಅನ್ನತ್ತೆ.

ಫಿಸಿಯೋ ಮೇಡಂ: ಇದನ್ನ ಈಗ ಹೇಳ್ತೀಯಾ! ನಾಳೆ ಬೇಡ, ಈಗ್ಲೇ ಆಸ್ಪತ್ರೆಗೆ ಹೊರಡು. ದಾರೀಲಿ ನೀರು ಕುಡಿಸ್ಬೇಡ.