ದುರ್ಯೋಧನನಿಗಾಗಿ ಮರುಗಿದವರು ಪಕ್ಕದ ಬೆಂಚಿನವನಿಗಾಗಿ ಮರುಗುತ್ತಾರೆಯೇ?

ಪ್ರಶ್ನೆ: ಮುಧೋಳದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತೇನೆ. ರನ್ನ ಹುಟ್ಟಿದ ಊರಿನವನೇ ಆದ್ದರಿಂದ, ಪಠ್ಯದಲ್ಲಿ ಇರಲಿ ಬಿಡಲಿ, ಅವನ ‘ಗದಾಯುದ್ಧ’ದ ಒಂದಿಷ್ಟು ಪದ್ಯಗಳನ್ನು ಮಕ್ಕಳಿಗೆ ಓದಿಸದೆ ನನಗೆ ಸಮಾಧಾನವಿಲ್ಲ. ಶರಶಯ್ಯೆಯಲ್ಲಿರುವ ಭೀಷ್ಮರನ್ನು ಕಾಣಲೆಂದು ಸಂಜಯನೊಡನೆ ಹೊರಟ ದುರ್ಯೋಧನ ಹೆಣಗಳ ನಡುವೆ ದಾರಿ ಮಾಡಿಕೊಂಡು ನಡೆಯುತ್ತಾ, ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಹೀಗೆ ಒಬ್ಬೊಬ್ಬರ ಶವದ ಮುಂದೆ ನಿಲ್ಲುವ ಸಂದರ್ಭ ನಿಮಗೆ ನೆನಪಿರಬಹುದು. ತಾಯಿಯ ಹಾಲನ್ನು ಮೊದಲು ಉಂಡವನು ನಾನು, ಆಮೇಲೆ ನೀನು, ಯಾವುದರಲ್ಲೂ ಈ ಸರದಿ ತಪ್ಪಿರಲಿಲ್ಲ, ಸಾವಿನಲ್ಲಿ ಮಾತ್ರ ನೀನು ನನಗಿಂತ ಮುಂದಾದೆ ಎಂದು ಅವನು ತಮ್ಮನಿಗಾಗಿ ಹಲುಬುವ ಪದ್ಯ ಬಂದಾಗ, ಹಿಂದಿನ ಬೆಂಚಿನ ಗದ್ದಲದವರೂ ಸುಮ್ಮನಾಗುತ್ತಾರೆ. ಶತ್ರುವಿನ ಮಗನಾದ ಅಭಿಮನ್ಯುವಿಗೆ ಅವನು ಕೈಮುಗಿಯುವಲ್ಲಿ ಕೆಲವರ ಕಣ್ಣು ತುಂಬುವುದನ್ನೂ ನೋಡಿದ್ದೇನೆ.

ಆದರೆ ಗಂಟೆ ಹೊಡೆದ ಮೇಲೆ ಅದೇ ಹುಡುಗರು ಉಗ್ಗಿ ಮಾತನಾಡುವ ಸಹಪಾಠಿಯೊಬ್ಬನನ್ನು ಅಣಕಿಸುತ್ತಾ ಹೊರಗೆ ಹೋಗುತ್ತಾರೆ. ಕಾವ್ಯದ ಮರುಕ ಕಾವ್ಯದ ಒಳಗೇ ಮುಗಿಯುತ್ತದೆ, ಅದರಿಂದ ಹೆಚ್ಚಿನದನ್ನು ಬಯಸುವುದು ನಮ್ಮ ಅಧ್ಯಾಪಕರ ಭ್ರಮೆ ಎಂಬುದು ನನ್ನ ಸಹೋದ್ಯೋಗಿಯೊಬ್ಬರ ವಾದ. ನಿಮ್ಮ ಅನುಭವವೇನು? ಕವಿತೆಗೆ ಮನುಷ್ಯರನ್ನು ಹತ್ತಿರ ತರುವ ಶಕ್ತಿ ಇದೆಯೆನ್ನುವುದಾದರೆ, ಅದು ತರಗತಿಯ ಬಾಗಿಲು ದಾಟುವುದು ಹೇಗೆ?

ಉತ್ತರ: ಪುತ್ತೂರಿನ ಹವ್ಯಾಸಿ ಅರ್ಥಧಾರಿ

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿಗಳು ಕೇಳುಗರಾಗಿ ಉಳಿದಿರುವುದೇ ತೊಡಕಿನ ಮೂಲ ಎಂದು ನನಗೆ ತೋರುತ್ತದೆ. ನಮ್ಮ ಕಡೆ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ಹೊತ್ತಿಗೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ತಾಳಮದ್ದಳೆಗಳು ಬಿರುಸಾಗುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪ್ರಸಂಗದ ಪದ ಹಾಡುತ್ತಾರೆ, ಅದರ ಅರ್ಥವನ್ನು ಅರ್ಥಧಾರಿಗಳಾದ ನಾವು ಕುಳಿತಲ್ಲಿಯೇ, ಬರೆದಿಟ್ಟುಕೊಳ್ಳದೆ, ಪಾತ್ರದ ಬಾಯಿಂದ ಬೆಳೆಸಬೇಕು. ‘ಗದಾಪರ್ವ’ದಲ್ಲಿ ಈ ವಾರ ಭೀಮನ ಅರ್ಥ ಹೇಳಿದವನಿಗೆ ಮುಂದಿನ ವಾರ ಇನ್ನೊಂದು ಊರಿನಲ್ಲಿ ಕೌರವನ ಪಾತ್ರ ಬರಬಹುದು. ಹೋದ ವಾರ ತಾನೇ ಕೆಣಕಿ ಹೇಳಿದ ಮಾತುಗಳಿಗೆ ಈ ವಾರ ತಾನೇ ಉತ್ತರ ಹುಡುಕಬೇಕು, ಅದೂ ಎದುರಾಳಿ ಒಪ್ಪುವಷ್ಟು ಗಟ್ಟಿಯಾಗಿ.

ಕೌರವನ ಅರ್ಥಕ್ಕೆ ಸಿದ್ಧನಾಗುವಾಗ, ಇವನು ಕೆಟ್ಟವನು ಎಂಬ ತೀರ್ಮಾನದಿಂದ ಹೊರಟರೆ ಎರಡು ವಾಕ್ಯಕ್ಕೇ ಮಾತು ನಿಂತುಹೋಗುತ್ತದೆ. ಅವನಿಗೆ ತನ್ನ ಬದುಕು ಒಳಗಿನಿಂದ ಹೇಗೆ ಕಾಣುತ್ತಿತ್ತು, ಕುರುಡು ತಂದೆಯ ಮಗನಾಗಿ ಹುಟ್ಟಿದ್ದು ಅವನಿಗೆ ಏನು ಮಾಡಿತು, ಹನ್ನೊಂದು ಅಕ್ಷೌಹಿಣಿ ಸೇನೆ ಕರಗಿದ ಮೇಲೆ ನೀರಿನೊಳಗೆ ಅಡಗಿ ಕುಳಿತವನು ಭೀಮನ ಮೂದಲಿಕೆ ಕೇಳಿ ಏಕೆ ಮೇಲೆದ್ದ ಎಂದು ಯೋಚಿಸಲೇಬೇಕಾಗುತ್ತದೆ. ಈ ಅಭ್ಯಾಸವಾದ ಮೇಲೆ ನಮ್ಮ ಸಹಕಾರಿ ಸಂಘದ ಮಹಾಸಭೆಯಲ್ಲಿ ಯಾರಾದರೂ ವಿಪರೀತವಾಗಿ ವಾದಿಸಿದರೂ, ಇವನ ಅರ್ಥವನ್ನು ನಾನು ಹೇಳಬೇಕಾಗಿದ್ದರೆ ಎಲ್ಲಿಂದ ಆರಂಭಿಸುತ್ತಿದ್ದೆ ಎಂದು ಮನಸ್ಸು ತನ್ನಷ್ಟಕ್ಕೆ ಕೇಳಿಕೊಳ್ಳುತ್ತದೆ. ನಾನೇನೂ ಸಾಧುವಾಗಿಲ್ಲ, ಸಭೆಯಲ್ಲಿ ಜಗಳವಾಡುತ್ತೇನೆ. ಆದರೆ ಎದುರಿನವರ ಮಾತನ್ನು ಪೂರ್ತಿ ಕೇಳಿಸಿಕೊಂಡು ಜಗಳವಾಡುತ್ತೇನೆ. ನಿಮ್ಮ ಹುಡುಗರಿಗೂ ಪಾತ್ರ ಹಂಚಿ ಮಾತನಾಡಿಸಿ ನೋಡಿ.

ಉತ್ತರ: ಬೆಂಗಳೂರಿನಿಂದ ಓದುಗನೊಬ್ಬ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ತಕರಾರು ಇದೆ. ಆ ರಣರಂಗದಲ್ಲಿ ಬಿದ್ದಿದ್ದ ಲೆಕ್ಕವಿಲ್ಲದಷ್ಟು ಕಾಲಾಳುಗಳಿಗಾಗಿ ದುರ್ಯೋಧನ ನಿಂತು ಅತ್ತನೇ? ಅರಸರಿಗಾಗಿ ಅಳುವುದನ್ನು ನಮಗೆ ಕಾವ್ಯ ಸಾವಿರ ವರ್ಷಗಳಿಂದ ಕಲಿಸಿದೆ, ಮತ್ತು ಆ ಅಳುವಿಗೆ ನಾವು ಯಾವ ಬೆಲೆಯನ್ನೂ ತೆರಬೇಕಾಗಿಲ್ಲ. ಸತ್ತು ಹೋದ ಅರಸನು ನಮ್ಮ ಬಾವಿಯಿಂದ ನೀರು ಕೇಳುವುದಿಲ್ಲ.

1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದಾಗ ಆದದ್ದು ಬೇರೆ ಬಗೆಯದು. ಆ ಸಂಕಲನದ ಕವಿತೆಗಳು ಯಾರ ಕನಿಕರವನ್ನೂ ಬೇಡಲಿಲ್ಲ. ಕೇರಿಯ ಜನರ ಸಿಟ್ಟನ್ನು ಕೇರಿಯದೇ ಮಾತಿನಲ್ಲಿ ಓದುಗನ ಮುಖಕ್ಕೆ ಹೇಳಿದವು. ಅವರ ಹಾಡುಗಳನ್ನು ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ ಜನ ಒಟ್ಟಾಗಿ ಹಾಡಿದರು, ಹಾಗೆ ಹಾಡುತ್ತಾ ಒಬ್ಬರಿಗೊಬ್ಬರು ಜೊತೆಗಾರರಾದರು. ಮೇಲುಜಾತಿಯ ಮನೆಯಲ್ಲಿ ಹುಟ್ಟಿದ ನನಗೆ ಆ ಕವಿತೆಗಳನ್ನು ಮೊದಲು ಓದಿದಾಗ ಹಿತವೆನಿಸಲಿಲ್ಲ, ಆ ಪದ್ಯಗಳಲ್ಲಿ ಬೈಸಿಕೊಳ್ಳುತ್ತಿರುವವನು ನಾನೇ ಎನಿಸಿತು. ನೊಂದವನ ಕಣ್ಣಿನಿಂದ ನಮ್ಮನ್ನು ನಾವು ಕಂಡುಕೊಳ್ಳುವ ಈ ಇರಿಸುಮುರಿಸು ದೂರದ ಅರಸನಿಗಾಗಿ ಸುರಿಸಿದ ಕಣ್ಣೀರಿಗಿಂತ ಹೆಚ್ಚು ದೂರ ಬರುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ರನ್ನನನ್ನು ಬಿಡಬೇಡಿ, ಆದರೆ ಅವನೊಬ್ಬನನ್ನೇ ಓದಿಸಿ ಮಕ್ಕಳ ಮನಸ್ಸು ಮೃದುವಾಯಿತೆಂದು ತಿಳಿಯಬೇಡಿ.

ಉತ್ತರ: ಧಾರವಾಡದ ಗೃಹಿಣಿ

ನಾನು ಸಾಹಿತ್ಯದ ವಿದ್ಯಾರ್ಥಿನಿಯಲ್ಲ. ನಮ್ಮ ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ನಾನೂ ನನ್ನ ಯಜಮಾನರೂ ಆ ಬಗ್ಗೆ ಮಾತನ್ನೇ ಆಡದೆ ಬಹಳ ಕಾಲ ಕಳೆದೆವು. ಅವರ ಎದುರು ನಾನು ನಗುನಗುತ್ತಲೇ ಇರುತ್ತಿದ್ದೆ, ಅವರು ನನ್ನ ಮುಖವನ್ನು ನೇರವಾಗಿ ನೋಡುತ್ತಿರಲಿಲ್ಲ. ಇವರಿಗೆ ದುಃಖವೇ ಇಲ್ಲವೇನೋ ಎಂದು ನಾನು ಒಳಗೊಳಗೇ ಸಿಟ್ಟಾಗಿದ್ದೆ. ಒಂದು ಸಂಜೆ ರೇಡಿಯೋದಲ್ಲಿ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಬಂತು. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು ಅದು, ಮತ್ತು ಬೇಂದ್ರೆಯವರು ಸ್ವತಃ ಮಕ್ಕಳನ್ನು ಕಳೆದುಕೊಂಡವರು. ನಗುವಿನಲ್ಲಿ ದುಃಖವನ್ನು ಏಕೆ ಮರೆಸುತ್ತೀ, ಅಳುವುದಾದರೆ ಅತ್ತುಬಿಡು ಎಂದು ಅವನು ಕೇಳಿಕೊಳ್ಳುವ ಭಾಗಕ್ಕೆ ಬಂದಾಗ ನಮ್ಮ ಯಜಮಾನರು ರೇಡಿಯೋ ಆರಿಸಲು ಎದ್ದರು. ಆರಿಸಬೇಡಿ ಎಂದೆ. ಅವರು ನನ್ನ ಕಣ್ಣನ್ನು ಏಕೆ ತಪ್ಪಿಸುತ್ತಿದ್ದರೆಂಬುದು ನನಗೆ ಆಗ ಅರ್ಥವಾಯಿತು. ಆ ರಾತ್ರಿ ಮಾತು ಶುರುವಾಯಿತು.

ಬೆಂಗಳೂರಿನವರು ಕಣ್ಣೀರಿಗೆ ಬೆಲೆ ತೆರಬೇಕಾಗಿಲ್ಲ ಎಂದಿದ್ದಾರೆ. ಎಲ್ಲ ಕಣ್ಣೀರೂ ಹಾಗಲ್ಲ ಸರ್. ಆ ಕವಿತೆ ನಮಗೆ ಸಮಾಧಾನವನ್ನೇನೂ ಹೇಳಲಿಲ್ಲ, ಒಬ್ಬರ ಕಡೆಯಿಂದ ಇನ್ನೊಬ್ಬರಿಗೆ ಹೇಳಲಾಗದ ಮಾತನ್ನು ಮೂರನೆಯವರೊಬ್ಬರು ಮೊದಲೇ ಹೇಳಿಟ್ಟಿದ್ದರು, ಅಷ್ಟೇ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು, ವಿಶೇಷವಾಗಿ ಧಾರವಾಡದ ತಾಯಿಯವರಿಗೆ. ಕಾಲಾಳುಗಳ ಮಾತು ನನ್ನನ್ನು ಬಹಳ ಕಾಡಿತು. ರನ್ನನ ಪರವಾಗಿ ಒಂದೇ ಮಾತು ಹೇಳುತ್ತೇನೆ: ಅವನ ಆಶ್ರಯದಾತನು ಚಾಳುಕ್ಯರ ಸತ್ಯಾಶ್ರಯ, ಕಾವ್ಯದಲ್ಲಿ ಆ ದೊರೆಯನ್ನು ಸಮೀಕರಿಸಿರುವುದು ಭೀಮನೊಡನೆ, ಹಾಗಿದ್ದೂ ದೊರೆಯ ಶತ್ರುಸ್ಥಾನದಲ್ಲಿರುವವನಿಗೆ ಇಷ್ಟು ಘನತೆ ಕೊಡಲು ಬಳೆಗಾರರ ಮನೆಯಿಂದ ಬಂದ ಕವಿಗೆ ಧೈರ್ಯ ಬೇಕಾಗಿತ್ತು. ಅಲ್ಲದೆ ಕಾವ್ಯದ ಆರಂಭದಲ್ಲಿಯೇ ದ್ರೌಪದಿ ಭೀಮನ ಮುಂದೆ ತನ್ನ ಅವಮಾನವನ್ನು ಎತ್ತಿ ಆಡುತ್ತಾಳೆ, ಆದ್ದರಿಂದ ಕೌರವನಿಗಾಗಿ ಮರುಗುವ ಓದುಗನು ಅವಳನ್ನು ಮರೆಯುವಂತಿಲ್ಲ.

ಮುಂದಿನ ತಿಂಗಳು ತರಗತಿಯಲ್ಲಿ ತಾಳಮದ್ದಳೆಯ ರೀತಿಯಲ್ಲಿ ಪಾತ್ರ ಹಂಚುತ್ತೇನೆ: ಭೀಮ, ಕೌರವ, ದ್ರೌಪದಿ, ಜೊತೆಗೆ ರನ್ನ ಹೆಸರಿಸದ ಒಬ್ಬ ಕಾಲಾಳು. ಒಂದು ವಾರದ ನಂತರ ಪಾತ್ರಗಳು ಅದಲುಬದಲಾಗುತ್ತವೆ. ಕಾಲಾಳಿನ ಮಾತುಗಳನ್ನು ಮಕ್ಕಳೇ ಬರೆಯಬೇಕು. ಉಗ್ಗುವ ಹುಡುಗನಿಗೆ ಯಾವ ಪಾತ್ರ ಕೊಡಲಿ ಎಂಬುದು ಮಾತ್ರ ತೋಚುತ್ತಿಲ್ಲ.

ಪುತ್ತೂರಿನ ಹವ್ಯಾಸಿ ಅರ್ಥಧಾರಿ

ನೀವಾಗಿ ಕೊಡಬೇಡಿ ಮೇಷ್ಟ್ರೇ, ಅವನನ್ನೇ ಕೇಳಿ. ಬರೆಯುವುದು ಸಾಕು ಎಂದರೆ ಕಾಲಾಳಿನ ಮಾತು ಬರೆಯಲಿ, ಓದುವವರು ಬೇರೆಯವರಾಗಲಿ. ಮಾತನಾಡುತ್ತೇನೆ ಎಂದರೆ ಯಾರಿಗೂ ಸಮಯದ ಮಿತಿ ಇಡಬೇಡಿ, ನಡುವೆ ಮಾತು ಪೂರೈಸಿಕೊಡಲು ಯಾರನ್ನೂ ಬಿಡಬೇಡಿ. ಹಾಗೆಯೇ, ಅಣಕಿಸುವವರಲ್ಲಿ ಮುಂದಾಳು ಯಾರೋ ಅವನಿಗೆ ಮೊದಲ ಸುತ್ತಿನಲ್ಲಿ ಭೀಮನ ಪಾತ್ರ ಕೊಡಬೇಡಿ. ಮೂದಲಿಕೆ ಅವನಿಗೆ ಈಗಾಗಲೇ ಬರುತ್ತದೆ.