ಬಿ.ಎಸ್‌ಸಿ. ಮುಗಿಸಿದ ಹೆಣ್ಣುಮಕ್ಕಳು ಆಮೇಲೆ ಎಲ್ಲಿಗೆ ಹೋಗುತ್ತಾರೆ?

ಉಪನ್ಯಾಸಕಿ, ಮಂಡ್ಯ:
ನಾನು ಭೌತಶಾಸ್ತ್ರ ಕಲಿಸುವ ಬಿ.ಎಸ್‌ಸಿ. ತರಗತಿಯಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ದೇಶದ ಲೆಕ್ಕವೂ ಹಾಗೆಯೇ ಇದೆ: 2020-21ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ, ಪದವಿಯಿಂದ ಪಿಎಚ್.ಡಿ.ವರೆಗೆ ವಿಜ್ಞಾನ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.5 ಲಕ್ಷ ಹೆಣ್ಣುಮಕ್ಕಳು. ಆದರೆ ಪ್ರಯೋಗಾಲಯಗಳಲ್ಲಿ, ಯಂತ್ರ ವಿನ್ಯಾಸದ ಕಚೇರಿಗಳಲ್ಲಿ ಅವರು ಅಷ್ಟಾಗಿ ಕಾಣುವುದಿಲ್ಲ. ಆಸಕ್ತಿಯಿಲ್ಲ ಎಂಬ ಸಬೂಬನ್ನು ನಾನು ಒಪ್ಪಲಾರೆ. ಹಾಗಾದರೆ ಅವರು ಎಲ್ಲಿ, ಏಕೆ ನಿಂತುಹೋಗುತ್ತಾರೆ?

ನಿವೃತ್ತ ಸಂಶೋಧಕ, ಮೈಸೂರು:
ಮೇಡಂ, ಹಿಂದೆ ತಡೆ ಬಾಗಿಲಲ್ಲೇ ಇತ್ತು. 1933ರಲ್ಲಿ ಕಮಲಾ ಸೋಹೊನಿಯವರು ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದಾಗ, ಹೆಣ್ಣು ಎಂಬ ಕಾರಣಕ್ಕೆ ಸಿ.ವಿ. ರಾಮನ್ ಮೊದಲು ನಿರಾಕರಿಸಿ, ಆಮೇಲೆ ಷರತ್ತು ಹಾಕಿ ಸೇರಿಸಿಕೊಂಡರು (ಅಷ್ಟು ದೊಡ್ಡ ವಿಜ್ಞಾನಿಯನ್ನೂ ಆ ಕಾಲದ ಪೂರ್ವಗ್ರಹ ಬಿಟ್ಟಿರಲಿಲ್ಲ). ಮುಂದೆ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ತಂತ್ರಜ್ಞಾನ ಕಲಿಸಿದ ರಾಜೇಶ್ವರಿ ಚಟರ್ಜಿಯವರ ಬೆನ್ನಿಗೆ, ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪ ಇದ್ದರು. ಈಗ ಪ್ರವೇಶಕ್ಕೆ ಅಡ್ಡಿಯಿಲ್ಲ; ಆದರೆ ಪಿಎಚ್.ಡಿ. ಮತ್ತು ಅದರ ನಂತರದ ತಾತ್ಕಾಲಿಕ ಹುದ್ದೆಗಳ ವರ್ಷಗಳಲ್ಲೇ ಮದುವೆ, ಬಾಣಂತನಗಳೂ ಬರುತ್ತವೆ. ನಡುವೆ ಬಿಟ್ಟವರು ಮರಳಲೆಂದೇ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ಫೆಲೋಶಿಪ್‌ಗಳನ್ನು ರೂಪಿಸಿದೆ. ನಿಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ತಿಳಿಸಿ.

ಮೆಕ್ಯಾನಿಕಲ್ ಎಂಜಿನಿಯರ್, ನಂಜನಗೂಡು:
ಕಾರ್ಖಾನೆಯ ಕಥೆ ಬೇರೆ. 1948ರ ಕಾರ್ಖಾನೆ ಕಾಯ್ದೆಯ 66ನೇ ಕಲಮು ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಹೆಂಗಸರ ದುಡಿಮೆಯನ್ನು ನಿರ್ಬಂಧಿಸಿತ್ತು. ಕರ್ನಾಟಕ 2023ರಲ್ಲಿ ಅದನ್ನು ಷರತ್ತುಗಳೊಂದಿಗೆ ಸಡಿಲಿಸಿತು. ರಾತ್ರಿ ಪಾಳಿಯಲ್ಲಿ ಕೆಟ್ಟು ನಿಂತ ಯಂತ್ರವನ್ನು ಬಿಚ್ಚಿ ನೋಡಿದವರ ಮಾತಿಗೇ ವಿನ್ಯಾಸ ವಿಭಾಗದಲ್ಲಿ ಬೆಲೆ ಇರುವಾಗ, ಆ ಅವಕಾಶವೇ ಸಿಗದ ಹುಡುಗಿಗೆ ಕೊನೆಗೆ ದಾಖಲೆ ಬರೆಯುವ ಕೆಲಸ ಉಳಿಯುತ್ತದೆ. ನಾನು ಟ್ರೇನಿಯಾಗಿ ಸೇರಿದ ಕಡೆ ಸ್ಟೋರ್‌ನಲ್ಲಿದ್ದ ಸೇಫ್ಟಿ ಶೂಗಳ ಅಳತೆ 7ರಿಂದ ಶುರುವಾಗುತ್ತಿತ್ತು; ಎರಡು ಜೊತೆ ಕಾಲುಚೀಲ ಹಾಕಿಕೊಂಡು ಶಾಪ್‌ಫ್ಲೋರಿನಲ್ಲಿ ಓಡಾಡುತ್ತಿದ್ದೆ.

ಪೋಷಕ, ಶ್ರೀರಂಗಪಟ್ಟಣ:
ಇಬ್ಬರೂ ಮನೆಯವರನ್ನು ಬಿಟ್ಟೇಬಿಟ್ಟಿರಿ. ನಮ್ಮ ಕಡೆ ಮಗನನ್ನು ಸಾಲ ಮಾಡಿಯಾದರೂ ಬೆಂಗಳೂರಿಗೆ ಕಳಿಸುತ್ತಾರೆ. ಅಷ್ಟೇ ಅಂಕ ತೆಗೆದ ಮಗಳಿಗೆ ‘ಬಿ.ಎಡ್. ಮಾಡು, ಊರ ಹತ್ತಿರವೇ ಕೆಲಸ ಸಿಗುತ್ತದೆ’ ಎನ್ನುತ್ತಾರೆ.

ಉಪನ್ಯಾಸಕಿ, ಮಂಡ್ಯ:
ಬಿ.ಎಡ್. ವಿಷಯವನ್ನು ಪೋಷಕರ ಸಭೆಯಲ್ಲೇ ಎತ್ತಬೇಕು. ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂಬ ನಿಯಮವನ್ನು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ತಂದಿತು. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಕಂಪನಿಗಳಲ್ಲಿ ಅದು ಇದೆಯೇ, ರಾತ್ರಿ ಪಾಳಿಗೆ ವಾಹನ ಕೊಡುತ್ತಾರೆಯೇ, ಶೂ ಯಾವ ಅಳತೆಯಿಂದ ಸಿಗುತ್ತದೆ ಎಂದು ಮೊದಲೇ ಕೇಳುವಂತೆ ನಮ್ಮ ಪ್ಲೇಸ್‌ಮೆಂಟ್ ಅಧಿಕಾರಿಗೆ ಬರೆಯುತ್ತಿದ್ದೇನೆ.