‘ಡ್ಯೂರಬಲ್’ ಎಂದರೆ ಗಟ್ಟಿಯೋ, ಬಾಳಿಕೆಯೋ?

ಪ್ರಶ್ನೆ:
ನಮಸ್ಕಾರ. ‘ಡ್ಯೂರಬಲ್’ ಎಂಬ ಇಂಗ್ಲಿಷ್ ಪದಕ್ಕೆ ‘ಗಟ್ಟಿಯಾದ’ ಎಂಬ ಅರ್ಥವನ್ನೇ ನಾನು ಇಷ್ಟು ದಿನ ಇಟ್ಟುಕೊಂಡಿದ್ದೆ. ಚಪ್ಪಲಿ, ಬಣ್ಣ, ಪ್ಲಾಸ್ಟಿಕ್ ಕುರ್ಚಿಗಳ ಜಾಹೀರಾತು ಓದುವಾಗ ಅದು ಸರಿಹೊಂದುತ್ತಲೂ ಇತ್ತು. ಈಚೆಗೆ ಅಮೆರಿಕದಲ್ಲಿ ನೆಲೆಸಿರುವ ಅಣ್ಣ ಕಳುಹಿಸಿದ ಕಾಗದಗಳಲ್ಲಿ ‘ಡ್ಯೂರಬಲ್ ಪವರ್ ಆಫ್ ಅಟಾರ್ನಿ’ ಎಂದಿತ್ತು. ಅಮ್ಮನಿಗೆ ವಿವರಿಸಲು ಹೋಗಿ ‘ಗಟ್ಟಿಯಾದ ಅಧಿಕಾರಪತ್ರ’ ಎಂದೆ, ನನಗೇ ನಗು ಬಂತು. ಈ ಪದದ ಸರಿಯಾದ ಅರ್ಥವೇನು? ಎಲ್ಲ ಕಡೆಗೂ ಸಲ್ಲುವ ಒಂದೇ ಕನ್ನಡ ಪದವಿದೆಯೇ?

ಉತ್ತರ 1:
ನಿಮ್ಮ ಊಹೆ ಪೂರ್ತಿ ತಪ್ಪಲ್ಲ, ಪದದ ಬೇರಿನಲ್ಲಿ ಅದೇ ಇದೆ. ಲ್ಯಾಟಿನ್ನಿನಲ್ಲಿ ‘ದೂರುಸ್’ ಎಂದರೆ ಗಟ್ಟಿ. ಅದರಿಂದ ಬಂದ ‘ದೂರಾರೆ’ ಎಂಬ ಕ್ರಿಯಾಪದಕ್ಕೆ ಗಟ್ಟಿಯಾಗು, ಉಳಿದು ಬರು ಎಂಬ ಎರಡೂ ಅರ್ಥಗಳಿದ್ದವು. ಪಾಸ್ತಾ ಮಾಡುವ ಡ್ಯೂರಂ ಗೋಧಿಗೆ ಮೊದಲ ಅರ್ಥ ಅಂಟಿಕೊಂಡಿದೆ. ‘ಡ್ಯೂರೇಶನ್’, ‘ಎಂಡ್ಯೂರ್’, ಕೊನೆಗೆ ನಾವು ದಿನಕ್ಕೆ ಹತ್ತು ಸಲ ಬಳಸುವ ‘ಡ್ಯೂರಿಂಗ್’ ಸಹ ಎರಡನೆಯದರ ಸಂತಾನ. ಇಂದಿನ ‘ಡ್ಯೂರಬಲ್’ ಕೂಡ ಕಾಲದ ಕಡೆಗೇ ವಾಲಿದೆ. ಗಾಜಿನ ಲೋಟ ಗಟ್ಟಿಯಾಗಿದ್ದರೂ ಕೈಜಾರಿದರೆ ಚೂರಾಗುತ್ತದೆ, ಆದ್ದರಿಂದ ಅದನ್ನು ಡ್ಯೂರಬಲ್ ಎನ್ನುವುದಿಲ್ಲ. ಮೆತ್ತಗಿರುವ ಕ್ಯಾನ್ವಾಸ್ ಚೀಲ ವರ್ಷಗಟ್ಟಲೆ ಸವೆತ ತಡೆಯುವುದರಿಂದ ಅದಕ್ಕೆ ಈ ಪದ ಸಲ್ಲುತ್ತದೆ. ಹೀಗಾಗಿ ವಸ್ತುಗಳ ಮಟ್ಟಿಗೆ ‘ಬಾಳಿಕೆ ಬರುವ’ ಎಂಬುದೇ ಸರಿ. ‘ಈ ಸೀರೆ ಇಪ್ಪತ್ತು ವರ್ಷ ಬಾಳಿತು’ ಎನ್ನುವ ನಮಗೆ ಬಟ್ಟೆಗೂ ಬಾಳುವೆಯುಂಟು. ಆ ಸೊಗಸು ಇಂಗ್ಲಿಷ್ ಪದಕ್ಕಿಲ್ಲವೆಂದು ನನಗನಿಸುತ್ತದೆ.

ಉತ್ತರ 2:
ಒಂದು ಎಚ್ಚರಿಕೆ ಸೇರಿಸುತ್ತೇನೆ. ನಾವು ಉಪ್ಪಿನಕಾಯಿಗೂ ಬಾಳಿಕೆ ಎನ್ನುತ್ತೇವೆ, ಆದರೆ ಇಂಗ್ಲಿಷಿನಲ್ಲಿ ಕೆಡದೆ ಉಳಿಯುವ ತಿನಿಸಿಗೆ ಸಾಮಾನ್ಯವಾಗಿ ‘ಡ್ಯೂರಬಲ್’ ಎನ್ನುವುದಿಲ್ಲ. ‘ಕನ್ಸ್ಯೂಮರ್ ಡ್ಯೂರಬಲ್ಸ್’ ಎಂಬಲ್ಲಿಯೂ ಗಟ್ಟಿತನದ ಮಾತಿಲ್ಲ. ಸಾಬೂನಿನಂತೆ ಬಳಸಿದಷ್ಟೂ ಕರಗದ ಫ್ರಿಜ್, ವಾಷಿಂಗ್ ಮೆಷಿನ್‌ಗಳ ವರ್ಗವದು. ಅಮೆರಿಕದ ಸರ್ಕಾರಿ ಆರ್ಥಿಕ ಲೆಕ್ಕಾಚಾರದಲ್ಲಿ ಸರಾಸರಿ 3 ವರ್ಷವಾದರೂ ಉಪಯೋಗಕ್ಕೆ ಬರುವ ಸರಕನ್ನು ಈ ವರ್ಗಕ್ಕೆ ಸೇರಿಸುತ್ತಾರೆ. ಕೆಲವರು ಇದನ್ನು ‘ಶಾಶ್ವತ’ ಎಂದು ಅನುವಾದಿಸುವುದು ಅತಿಯಾಯಿತು. ನಮ್ಮ ದಾನಶಾಸನಗಳ ‘ಆಚಂದ್ರಾರ್ಕ’ ಎಂಬ ಮಾತು, ಅಂದರೆ ಸೂರ್ಯಚಂದ್ರರಿರುವವರೆಗೆ ಎಂಬುದು, ‘ಪರ್ಮನೆಂಟ್’ ಜಾತಿಯದು. ಡ್ಯೂರಬಲ್ ವಸ್ತುವಿಗೆ ಕೊನೆಯಿದೆ, ಅದು ಬೇಗ ಬರುವುದಿಲ್ಲ, ಅಷ್ಟೆ.

ಉತ್ತರ 3:
ಅಣ್ಣನವರ ಕಾಗದದ ವಿಷಯಕ್ಕೆ ಬರುತ್ತೇನೆ. ಅಲ್ಲಿ ಬಾಳಿಕೆ ಕಾಗದದ್ದಲ್ಲ, ಅಧಿಕಾರದ್ದು. ಅಧಿಕಾರ ಕೊಟ್ಟವರು ಕಾಯಿಲೆಯಿಂದಲೋ ಅಪಘಾತದಿಂದಲೋ ಸ್ವಂತ ತೀರ್ಮಾನ ತೆಗೆದುಕೊಳ್ಳಲಾಗದ ಸ್ಥಿತಿಗೆ ಬಂದರೂ ಅದು ಊರ್ಜಿತವಾಗಿ ಉಳಿಯುತ್ತದೆಂಬುದು ‘ಡ್ಯೂರಬಲ್’ ಎಂಬುದರ ಅರ್ಥ. ಅವರು ತೀರಿಕೊಂಡರೆ ಮುಗಿಯುತ್ತದೆ. ನಮ್ಮಲ್ಲಿ 1872ರ ಭಾರತೀಯ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಏಜೆನ್ಸಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ, ಕೊನೆಗೊಳ್ಳುತ್ತದೆ. ಆದ್ದರಿಂದ ಇಲ್ಲಿನ ಸಾಮಾನ್ಯ ಅಧಿಕಾರಪತ್ರವೂ ಅದೂ ಒಂದೇ ಎಂದು ಅಮ್ಮನವರಿಗೆ ಹೇಳಬೇಡಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ‘ಬರೆದುಕೊಟ್ಟವರ ಬುದ್ಧಿ ಸ್ವಾಧೀನದಲ್ಲಿ ಇಲ್ಲದಿದ್ದರೂ ನಡೆಯುವ ಅಧಿಕಾರ’ ಎಂದು ಅಮ್ಮನಿಗೆ ಬಿಡಿಸಿ ಹೇಳಿದೆ. ಒಂದೇ ಪದ ಹುಡುಕುವ ಹಟವನ್ನು ಬಿಟ್ಟಿದ್ದೇನೆ.